ಆಟದಲ್ಲಿ ಪ್ರೌಢವಸ್ತು: ಆಡುವವರ ದೃಷ್ಟಿ

೧

ಕನ್ನಡದಲ್ಲಿ ‘ಆಟ’ವೆಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಬೀದಿಯ ಚಿನ್ನಿದಾಂಡು, ಜಗಲಿಯ ಅಳಗುಳಿಮಣೆ, ಹಾಸಿನ ಮೇಲಣ ಪಗಡೆ ಇವೆಲ್ಲವೂ ಆಟಗಳು; ವೇಷ ಕಟ್ಟಿ ಇರುಳೆಲ್ಲ ಕುಣಿಯುವ ಬಯಲಾಟವೂ ಆಟವೇ. ಮೊದಲನೆಯ ಬಗೆಯಲ್ಲಿ ಸೋಲುಗೆಲವು ಮುಖ್ಯ, ಎರಡನೆಯದರಲ್ಲಿ ಕಥೆ ಮುಖ್ಯ. ಪಗಡೆಯಾಡುವವನು ತಾನೇ ಸೋಲುತ್ತಾನೆ, ತಾನೇ ಗೆಲ್ಲುತ್ತಾನೆ. ಬಯಲಾಟದ ವೇಷಧಾರಿಯು ಇನ್ನೊಬ್ಬನ ಸೋಲನ್ನೂ ಇನ್ನೊಬ್ಬನ ಗೆಲವನ್ನೂ ತೋರಿಸುತ್ತಾನೆ. ಈ ಎರಡೂ ಒಂದರಲ್ಲಿಯೇ ಬೆರೆತಿರುವ ಹೊಸ ಬಗೆಯೊಂದು ಕಳೆದ ಅರ್ಧಶತಮಾನದಲ್ಲಿ ಬೆಳೆದು ಬಂದಿದೆ. ಅದೇ ವಿಡಿಯೋ ಗೇಮ್. ಅದರಲ್ಲಿ ಆಡುವವನು ಕಥಾಪಾತ್ರವೂ ಹೌದು, ಪಂದ್ಯಗಾರನೂ ಹೌದು.

ಇಂಥ ಆಟಗಳಲ್ಲಿ ಕೊಲೆ, ಯುದ್ಧ, ಕಾಮ, ಜೂಜು, ಮರಣಶೋಕ ಮೊದಲಾದ ವಿಷಯಗಳು ಬಂದಾಗ ಅವುಗಳ ಮೇಲೆ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಬೀಳುವುದುಂಟು. ಈ ವಿಷಯದಲ್ಲಿ ತಂದೆತಾಯಿಗಳೂ ಉಪಾಧ್ಯಾಯರೂ ನ್ಯಾಯಾಲಯಗಳೂ ಸರ್ಕಾರಗಳೂ ಆಡಿರುವ ಮಾತು ಬಹಳ. ಆಡುವವರ ಅಭಿಪ್ರಾಯಕ್ಕೆ ದೊರೆತಿರುವ ಗಮನವು ಅಷ್ಟಿಲ್ಲ. ಸಾಹಿತ್ಯವನ್ನು ಪಾಠ ಹೇಳುವವರಿಗೆ ಈ ಅಭಿಪ್ರಾಯವು ಉಪೇಕ್ಷಣೀಯವಲ್ಲ. ಏಕೆಂದರೆ ತರಗತಿಯಲ್ಲಿ ಪಂಪರನ್ನರನ್ನು ಓದುವ ಹುಡುಗನೇ ಸಂಜೆ ಮೊಬೈಲಿನಲ್ಲಿ ರಣರಂಗಕ್ಕಿಳಿಯುತ್ತಾನೆ.

೨

ವಿಷಯದ ವಿಚಾರಕ್ಕೆ ಮಂಡ್ಯದ ಸೀಮೆಯು ಒಂದು ಒಳ್ಳೆಯ ನೆಲೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ‘ಕುರುಕ್ಷೇತ್ರ’ವೆಂಬ ಹೆಸರಿನ ನಾಟಕವನ್ನು ಊರಿನ ರೈತರೂ ಅಂಗಡಿಯವರೂ ನೌಕರರೂ ಸೇರಿ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ಕಂದವನ್ನೂ ಮಟ್ಟನ್ನೂ ಕಲಿಸುತ್ತಾರೆ; ಸೀನರಿ ಬಾಡಿಗೆಗೆ ಬರುತ್ತದೆ; ಸ್ತ್ರೀಪಾತ್ರಗಳಿಗೆ ವೃತ್ತಿನಟಿಯರನ್ನು ಕರೆಸುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲ. ನಟನೇ ಹಣ ಕೊಟ್ಟು ಪಾತ್ರವನ್ನು ಪಡೆಯುತ್ತಾನೆ. ದುರ್ಯೋಧನನ ಪಾತ್ರಕ್ಕೆ ಬೇಡಿಕೆ ಹೆಚ್ಚಾದುದರಿಂದ ಅದರ ಬೆಲೆಯೂ ಹೆಚ್ಚು. ಮಂಡ್ಯದ ಕಲಾಮಂದಿರದಲ್ಲಿಯೂ ಹಳ್ಳಿಯ ಚಪ್ಪರಗಳಲ್ಲಿಯೂ ಇಂಥ ಪ್ರಯೋಗಗಳು ನಡೆಯುತ್ತಲೇ ಇರುತ್ತವೆ.

ಆ ನಾಟಕದ ಮೂಲಕಥೆಯಾದರೂ ಎಂಥದು? ಜೂಜಿನಲ್ಲಿ ರಾಜ್ಯವನ್ನು ಕಳೆದುದು, ಕುಲವಧುವನ್ನು ಸಭೆಗೆಳೆದುದು, ಹುಡುಗನೊಬ್ಬನನ್ನು ಹಲವರು ಸುತ್ತುವರಿದು ಕೊಂದುದು, ತೊಡೆಯೊಡೆದುದು, ನೆತ್ತರು ಕುಡಿದುದು. ವಯಸ್ಕವಸ್ತುವೆನ್ನಲು ಇದಕ್ಕಿಂತ ಮಿಗಿಲಾದುದು ಯಾವುದಿದ್ದೀತು? ಮಳವಳ್ಳಿಯ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿಯೂ ಸಿದ್ಧಪ್ಪಾಜಿಯು ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಪಡುವ ಘೋರಪರೀಕ್ಷೆಗಳು ಎಳೆಯ ಕಿವಿಗೆ ಹಿತವಾದ ಕಥೆಯೇನಲ್ಲ. ಆದರೂ ಮಕ್ಕಳು ತಾಯಂದಿರ ಮಡಿಲಲ್ಲಿ ಕುಳಿತು ಇವನ್ನು ನೋಡಿದ್ದಾರೆ, ಕೇಳಿದ್ದಾರೆ. ದುಶ್ಶಾಸನನ ಪಾತ್ರ ವಹಿಸಿದವನನ್ನು ಮಾರನೆಯ ದಿನ ಊರು ದುಶ್ಶಾಸನನೆಂದು ದೂರವಿಡುವುದಿಲ್ಲ. ಪಾತ್ರವನ್ನು ಚೆನ್ನಾಗಿ ಮಾಡಿದನೆ ಎಂದಷ್ಟೇ ಕೇಳುತ್ತದೆ. ಕ್ರೂರವಾದ ವಸ್ತುವಿಗೂ ಅದನ್ನು ಆಡುವವನ ಶೀಲಕ್ಕೂ ನಡುವೆ ಈ ಜನರು ಎಳೆದಿರುವ ಗೆರೆಯು ಸ್ಪಷ್ಟವಾಗಿದೆ.

೩

ವಿಡಿಯೋ ಗೇಮುಗಳ ವಿಷಯದಲ್ಲಿ ಈ ಗೆರೆಯು ಅಷ್ಟು ಸುಲಭವಾಗಿ ಮೂಡಲಿಲ್ಲ. ೧೯೯೨ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ದ್ವಂದ್ವಯುದ್ಧದ ಆಟದಲ್ಲಿ ಸೋತವನನ್ನು ಭೀಕರವಾಗಿ ಕೊಲ್ಲುವ ದೃಶ್ಯಗಳಿದ್ದುವು. ಅದರ ಮೇಲೆ ಎದ್ದ ಕೋಲಾಹಲವು ೧೯೯೩ರಲ್ಲಿ ಆ ದೇಶದ ಸೆನೆಟ್ಟಿನ ವಿಚಾರಣೆಯವರೆಗೆ ಹೋಯಿತು. ೧೯೯೪ರಲ್ಲಿ ಉದ್ಯಮದವರೇ ವಯೋಮಾನಕ್ಕನುಗುಣವಾದ ಮುದ್ರೆಗಳನ್ನು ಒತ್ತುವ ಮಂಡಲಿಯೊಂದನ್ನು ಸ್ಥಾಪಿಸಿದರು. ಯೂರೋಪಿನಲ್ಲಿ ಅಂಥ ವ್ಯವಸ್ಥೆಯು ೨೦೦೩ರಲ್ಲಿ ಬಂದಿತು. ಹಿಂಸೆಯುಳ್ಳ ಆಟಗಳನ್ನು ಎಳೆಯರಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ರದ್ದುಗೊಳಿಸಿತು. ಪುಸ್ತಕ, ನಾಟಕ, ಚಲನಚಿತ್ರಗಳಂತೆ ಇವೂ ಅಭಿಪ್ರಾಯವನ್ನು ತಿಳಿಸುವ ಸಾಧನಗಳೇ ಎಂಬುದು ಆ ತೀರ್ಪಿನ ತಿರುಳು. ಮಕ್ಕಳ ಕೈಗೆ ಕೊಡುವ ಗ್ರಿಮ್ ಸೋದರರ ಕಥೆಗಳಲ್ಲಿಯೂ ಹೋಮರನ ಕಾವ್ಯದಲ್ಲಿಯೂ ರಕ್ತಪಾತವಿಲ್ಲವೆ ಎಂದು ಬಹುಮತದ ತೀರ್ಪು ಜ್ಞಾಪಿಸಿತು.

ಇಲ್ಲಿ ಎರಡು ಕನ್ನಡ ಶಬ್ದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ‘ವಯಸ್ಕ’ವೆಂಬುದು ವರ್ಷಗಳ ಲೆಕ್ಕ, ‘ಪ್ರೌಢ’ವೆಂಬುದು ಬುದ್ಧಿಯ ಪರಿಪಾಕ. ಪ್ರೌಢಕಾವ್ಯವೆಂದಾಗ ಅದರಲ್ಲಿ ರಕ್ತವೆಷ್ಟು, ಶೃಂಗಾರವೆಷ್ಟು ಎಂದು ಯಾರೂ ಅಳೆಯುವುದಿಲ್ಲ. ಮುದ್ರೆಯ ಮಂಡಲಿಗಳು ಅಳೆಯುವುದು ವಯಸ್ಕವನ್ನು. ಆಡುವವರಲ್ಲಿ ವಿಚಾರವಂತರು ಕೇಳುವುದು ಪ್ರೌಢವನ್ನು. ವಯಸ್ಕರ ಮುದ್ರೆ ಹೊತ್ತ ಆಟವೊಂದು ಭಾವದಲ್ಲಿ ಬರಿಯ ಬಾಲಿಶವಾಗಿರುವುದು ಸಾಧ್ಯವೆಂಬುದೇ ಅವರ ಮುಖ್ಯ ಆಕ್ಷೇಪ.

೪

ಹಾಗಾದರೆ ಆಡುವವರಿಗೆ ನೆತ್ತರಿನ ದೃಶ್ಯ ಬೇಕೋ ಬೇಡವೋ? ಮೇಲುನೋಟಕ್ಕೆ ಸಾಕ್ಷ್ಯಗಳು ಪರಸ್ಪರ ವಿರುದ್ಧವಾಗಿವೆ. ‘ಮಾರ್ಟಲ್ ಕಾಂಬ್ಯಾಟ್’ ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊ ಸಂಸ್ಥೆಯು ರಕ್ತವನ್ನು ಅಳಿಸಿ ಬೂದುಬಣ್ಣದ ಬೆವರನ್ನು ಚಿಮ್ಮಿಸಿತು. ಸೆಗಾ ಸಂಸ್ಥೆಯ ಆವೃತ್ತಿಯಲ್ಲಿ ಗುಟ್ಟಿನ ಗುಂಡಿಗಳನ್ನು ಒತ್ತಿದರೆ ರಕ್ತವು ಕಾಣಿಸುತ್ತಿತ್ತು. ಹೆಚ್ಚು ಮಾರಾಟವಾದುದು ಎರಡನೆಯದು. ಮರುವರ್ಷ ಎರಡನೆಯ ಭಾಗವು ಬಂದಾಗ ನಿಂಟೆಂಡೊ ರಕ್ತಕ್ಕೆ ಅಡ್ಡಿಮಾಡಲಿಲ್ಲ.

ಇದಕ್ಕೆ ಎದುರಾಗಿ ಪ್ರಿಬಿಲ್‌ಸ್ಕಿ, ರಯನ್, ರಿಗ್‌ಬಿ ಎಂಬ ಮನಶ್ಶಾಸ್ತ್ರಜ್ಞರು ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಅವರ ಒಂದು ಪ್ರಯೋಗದಲ್ಲಿ ಒಂದೇ ಆಟಕ್ಕೆ ಎರಡು ರೂಪಗಳನ್ನು ಕೊಡಲಾಗಿತ್ತು: ಒಂದರಲ್ಲಿ ಎದುರಾಳಿಯು ರಕ್ತ ಕಾರಿ ಸಾಯುತ್ತಿದ್ದನು, ಇನ್ನೊಂದರಲ್ಲಿ ಮುಟ್ಟಾಟದಂತೆ ತಾಗಿದವನು ಮಾಯವಾಗಿ ಬೇರೆಡೆಗೆ ಹೋಗುತ್ತಿದ್ದನು. ಆಡಿದವರ ಸಂತೋಷದಲ್ಲಿ ಗಣನೀಯವಾದ ಅಂತರವು ಕಾಣಲಿಲ್ಲ. ತನ್ನ ಕೈಚಳಕ ಸಾಗುತ್ತಿದೆ, ತನ್ನ ಇಚ್ಛೆಯಂತೆ ನಡೆಯಬಲ್ಲೆ ಎಂಬ ಭಾವನೆಯೇ ಸಂತೋಷದ ಮೂಲವೆಂದೂ, ಹಿಂಸೆಯು ಅದಕ್ಕೆ ಕೂಡಿಸುವುದು ಅತ್ಯಲ್ಪವೆಂದೂ ಅವರು ನಿರ್ಣಯಿಸಿದರು.

ಭಾರತದ ಅನುಭವವೂ ಇದಕ್ಕೆ ಹೊಂದುತ್ತದೆ. ‘ಪಬ್ಜಿ’ಯನ್ನು ಕೇಂದ್ರ ಸರ್ಕಾರವು ೨೦೨೦ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ ಮೇಲೆ, ೨೦೨೧ರಲ್ಲಿ ಅದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿತು. ರಕ್ತವು ಹಸುರಾಯಿತು; ‘ಕೊಂದನು’ ಎನ್ನುವಲ್ಲಿ ‘ಮುಗಿಸಿದನು’ ಎಂಬರ್ಥದ ಮಾತು ಬಂದಿತು; ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆಯೂ ದಿನಕ್ಕೆ ಮೂರು ಗಂಟೆಯ ಮಿತಿಯೂ ಗೊತ್ತಾದುವು. ನೆತ್ತರು ಹಸುರಾದುದಕ್ಕೆ ಆಡುವವರು ಆಟವನ್ನು ಬಿಡಲಿಲ್ಲ, ನಕ್ಕರು. ೨೦೨೨ರ ಜುಲೈನಲ್ಲಿ ಅದಕ್ಕೂ ತಡೆ ಬಿದ್ದು ೨೦೨೩ರಲ್ಲಿ ಪುನಃ ತೆರವಾಯಿತು, ಆಡುವವರು ಹಿಂದಿರುಗಿದರು. ಅವರನ್ನು ಸೆಳೆದುದು ಗೆಳೆಯರ ದಂಡು ಮತ್ತು ಪಂದ್ಯದ ಬಿಸಿ, ರಕ್ತದ ಬಣ್ಣವಲ್ಲ.

ಈ ವಿರೋಧವನ್ನು ಹೀಗೆ ಪರಿಹರಿಸಬಹುದು. ಆಡುವವನಿಗೆ ಹಿಂಸೆಯು ತನ್ನಷ್ಟಕ್ಕೆ ತಾನೇ ಸುಖವಲ್ಲ. ಆದರೆ ಒಬ್ಬರು ಕಟ್ಟಿದ ಕೃತಿಯನ್ನು ಇನ್ನೊಬ್ಬರು ಕತ್ತರಿಸಿ ‘ನಿನಗೆ ಇಷ್ಟೇ ಯೋಗ್ಯ’ ಎಂದು ನೀಡಿದರೆ ಅವನಿಗೆ ಅವಮಾನವೆನಿಸುತ್ತದೆ. ಶೃಂಗಾರಪದ್ಯಗಳನ್ನು ತೆಗೆದುಹಾಕಿದ ಕಾವ್ಯಸಂಗ್ರಹವನ್ನು ಕೈಯಲ್ಲಿ ಹಿಡಿದ ಓದುಗನಿಗೂ ಹೀಗೆಯೇ ಅನ್ನಿಸುವುದು.

೫

ಇನ್ನೂ ಗಹನವಾದ ಪ್ರಶ್ನೆಯು ಕರ್ತೃತ್ವದ್ದು. ಭರತನ ನಾಟ್ಯಶಾಸ್ತ್ರವು ಯುದ್ಧ, ಮರಣ, ನಗರದ ಮುತ್ತಿಗೆಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಗಳ ಮೂಲಕ ಸೂಚಿಸಬೇಕೆಂದು ವಿಧಿಸುತ್ತದೆ. ನೋಡುವ ಸಹೃದಯನಿಗೇ ಇಷ್ಟು ರಕ್ಷಣೆಯಿದ್ದಾಗ, ಕೊಲ್ಲುವ ಗುಂಡಿಯನ್ನು ತಾನೇ ಒತ್ತುವವನ ಸ್ಥಿತಿಯೇನು? ಅವನು ಸಹೃದಯನೋ, ಪಾತ್ರಧಾರಿಯೋ, ಕೊಲೆಗಾರನೋ?

೨೦೦೯ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ ೨’ ಎಂಬ ಆಟದಲ್ಲಿ ವಿಮಾನನಿಲ್ದಾಣದ ನಿರಪರಾಧಿಗಳನ್ನು ಭಯೋತ್ಪಾದಕರು ಕೊಲ್ಲುವ ಪ್ರಸಂಗವೊಂದುಂಟು. ಆಡುವವನು ಗುಪ್ತಚರನಾಗಿ ಆ ಗುಂಪಿನಲ್ಲಿಯೇ ನಡೆಯಬೇಕು. ಗುಂಡು ಹಾರಿಸದೆಯೂ ಮುಂದೆ ಹೋಗಬಹುದು. ಪ್ರಸಂಗವನ್ನೇ ಬಿಟ್ಟುಬಿಡುವುದಕ್ಕೂ ಅವಕಾಶವಿತ್ತು. ಆಡಿದವರಲ್ಲಿ ಇದನ್ನು ಯುದ್ಧದ ಅಮಾನುಷತೆಯ ದರ್ಶನವೆಂದವರೂ ಉಂಟು, ಬೆಚ್ಚಿಬೀಳಿಸುವ ವ್ಯಾಪಾರತಂತ್ರವೆಂದವರೂ ಉಂಟು. ಆದರೆ ವಾದವು ನಡೆದುದು ರಕ್ತದ ಪ್ರಮಾಣವನ್ನು ಕುರಿತಲ್ಲ, ಉದ್ದೇಶವನ್ನು ಕುರಿತು. ಇದು ಸಾಹಿತ್ಯವಿಮರ್ಶೆಯ ಪ್ರಶ್ನೆಯೇ ಅಲ್ಲವೆ?

೨೦೨೦ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗವು ಕನ್ನಡ ಓದುಗನಿಗೆ ರನ್ನನನ್ನು ನೆನಪಿಗೆ ತರುತ್ತದೆ. ತಂದೆಯಂತಿದ್ದವನನ್ನು ಕೊಂದವಳ ಮೇಲೆ ಸೇಡು ತೀರಿಸಹೊರಟ ಹುಡುಗಿಯ ಪಾತ್ರವನ್ನು ಆಡುತ್ತಿದ್ದವನು, ನಡುವೆ ಇದ್ದಕ್ಕಿದ್ದಂತೆ ಆ ಹಗೆಯವಳ ಪಾತ್ರವನ್ನೇ ವಹಿಸಬೇಕಾಗುತ್ತದೆ. ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ದುರ್ಯೋಧನನು ನಡೆಯುತ್ತ ದ್ರೋಣನನ್ನೂ ಕರ್ಣನನ್ನೂ ತಮ್ಮನನ್ನೂ ಕಂಡು ದುಃಖಿಸುವಾಗ, ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವಾಗ, ಓದುಗನ ಮನಸ್ಸು ಅವನ ಕಡೆಗೆ ವಾಲುವುದಷ್ಟೆ? ಆದರೆ ಈ ಆಟವು ಬಂದ ಮೊದಲ ದಿನಗಳಲ್ಲಿಯೇ ಸಹಸ್ರಾರು ಜನರು ಅದಕ್ಕೆ ಅತಿ ಕಡಮೆ ಅಂಕವನ್ನಿತ್ತು ಕೋಪವನ್ನು ತೋರಿದರು. ವಿಮರ್ಶಕರಾದರೋ ಬಹುವಾಗಿ ಹೊಗಳಿದ್ದರು. ಕೋಪಕ್ಕೆ ಕಾರಣಗಳು ಹಲವಿದ್ದುವು. ಹಗೆಯ ಕೈಯಾಗಬೇಕಾದ ಬಲಾತ್ಕಾರವು ಅವುಗಳಲ್ಲಿ ಒಂದು. ಓದುಗನು ಶತ್ರುವನ್ನು ಕನಿಕರಿಸಿದರೆ ಸಾಕು. ಆಡುವವನು ಶತ್ರುವೇ ಆಗಬೇಕು. ಹಣ ಕೊಟ್ಟು ದುರ್ಯೋಧನನಾಗುವ ಮಂಡ್ಯದ ರೈತನು ಆ ಭಾರವನ್ನು ತಾನಾಗಿ ಬಯಸಿ ಹೊತ್ತವನು. ಇವರ ಮೇಲೆ ಅದು ಹೇಳದೆ ಬಿದ್ದಿತು.

ಪೋಲೆಂಡಿನಲ್ಲಿ ೨೦೧೪ರಲ್ಲಿ ನಿರ್ಮಿತವಾದ ‘ದಿಸ್ ವಾರ್ ಆಫ್ ಮೈನ್’ ಬೇರೆ ಬಗೆಯದು. ಸರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಿತವಾದ ಇದರಲ್ಲಿ ಆಡುವವನು ಯೋಧನಲ್ಲ, ಹಸಿದ ನಾಗರಿಕ. ವೃದ್ಧದಂಪತಿಗಳ ಮನೆಯಿಂದ ಆಹಾರವನ್ನು ಕದ್ದರೆ ಬದುಕಬಹುದು. ಕದ್ದವನು ಮಾತ್ರ ಪಶ್ಚಾತ್ತಾಪದಿಂದ ಕುಗ್ಗುತ್ತಾನೆ. ಆ ದೇಶದ ಸರ್ಕಾರವು ೨೦೨೦ರಲ್ಲಿ ಇದನ್ನು ಹದಿನೆಂಟು ತುಂಬಿದ ವಿದ್ಯಾರ್ಥಿಗಳ ಪೂರಕ ಪಠ್ಯಗಳ ಸಾಲಿಗೆ ಸೇರಿಸುವುದಾಗಿ ಪ್ರಕಟಿಸಿತು. ಭಾರತದಲ್ಲಿಯೂ ಲೀನಾ ಕೇಜ್ರಿವಾಲ್ ಎಂಬ ಕಲಾವಿದೆಯ ಪ್ರಯತ್ನದಿಂದ ೨೦೧೬ರಲ್ಲಿ ‘ಮಿಸ್ಸಿಂಗ್’ ಎಂಬ ಆಟವು ಬಂದಿತು. ಅದರಲ್ಲಿ ಆಡುವವನು ವೇಶ್ಯಾವಾಟಿಕೆಗೆ ಮಾರಲ್ಪಟ್ಟ ಹುಡುಗಿಯ ಸ್ಥಾನದಲ್ಲಿ ನಿಂತು ಪಾರಾಗುವ ದಾರಿಯನ್ನು ಹುಡುಕಬೇಕು. ವಯಸ್ಕವಸ್ತುವು ಪ್ರೌಢವಾಗುವುದು ಇಂಥಲ್ಲಿ.

೬

ಇಷ್ಟರಿಂದ ಎಳೆಯರ ಕೈಗೆ ಏನನ್ನಾದರೂ ಕೊಡಬಹುದೆಂದು ತಿಳಿಯಲಾಗದು. ಹಿಂಸೆಯ ಆಟಗಳ ಪರಿಣಾಮದ ವಿಷಯದಲ್ಲಿ ಶಾಸ್ತ್ರಜ್ಞರಲ್ಲಿ ಏಕಮತವಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘವು ೨೦೧೫ರಲ್ಲಿ ಇವುಗಳಿಗೂ ಆಕ್ರಮಣಶೀಲ ವರ್ತನೆಗೂ ಸಂಬಂಧವುಂಟೆಂದಿತು, ಆದರೆ ಅಪರಾಧಕ್ಕೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಹೇಳಿತು. ಆಕ್ಸ್‌ಫರ್ಡಿನವರು ೨೦೧೯ರಲ್ಲಿ ಬ್ರಿಟನ್ನಿನ ಹದಿನಾಲ್ಕು ಹದಿನೈದು ವಯಸ್ಸಿನವರನ್ನು ಪರೀಕ್ಷಿಸಿ ಅಂಥ ಸಂಬಂಧವನ್ನು ಕಾಣಲಿಲ್ಲ. ಆಟದ ಗೀಳು ಬೇರೆಯದೇ ಆದ ವ್ಯಾಧಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಯಂತ್ರಸಾಧನಗಳ ಗೀಳಿಗೆಂದೇ ೨೦೧೪ರಲ್ಲಿ ಚಿಕಿತ್ಸಾಲಯವನ್ನು ತೆರೆಯಿತು. ಹಣವೊಡ್ಡುವ ಆಟಗಳ ಕೇಡು ಇನ್ನೂ ಬೇರೆ: ಕರ್ನಾಟಕವು ೨೦೨೧ರಲ್ಲಿ ಮಾಡಿದ ನಿಷೇಧವನ್ನು ಹೈಕೋರ್ಟು ೨೦೨೨ರಲ್ಲಿ ತಳ್ಳಿಹಾಕಿತು, ೨೦೨೫ರಲ್ಲಿ ಸಂಸತ್ತು ಇಡಿಯ ದೇಶಕ್ಕೆ ಅನ್ವಯಿಸುವಂತೆ ಅವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಹಿಂಸೆ, ಗೀಳು, ಜೂಜು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ವಿಚಾರವು ಕೆಡುತ್ತದೆ.

ಕುರುಕ್ಷೇತ್ರದ ನಾಟಕಕ್ಕೂ ಮೊಬೈಲಿನ ಕದನಕ್ಕೂ ಇರುವ ನಿಜವಾದ ಭೇದವು ವಸ್ತುವಿನಲ್ಲಿಲ್ಲ, ಸುತ್ತಣ ವ್ಯವಸ್ಥೆಯಲ್ಲಿದೆ. ನಾಟಕದಲ್ಲಿ ತಿದ್ದುವ ಮೇಷ್ಟರುಂಟು, ನೋಡುವ ಊರುಂಟು, ಕೊನೆಯಲ್ಲಿ ಮಂಗಳವುಂಟು. ವೇಷ ಕಳಚಿದ ಮೇಲೆ ಅದರ ಮಾತನ್ನಾಡಲು ಜಗಲಿಯುಂಟು. ಮಗುವಿನ ಕಣ್ಣಿಗೆ ಭಯವು ಬಿದ್ದರೆ ಪಕ್ಕದಲ್ಲಿ ಅಜ್ಜಿಯಿದ್ದಾಳೆ. ಮೊಬೈಲನ್ನು ಹಿಡಿದ ಹುಡುಗನ ಜೊತೆಗಾರರು ದೂರದ ದನಿಗಳು. ಆಟಕ್ಕೆ ಮಂಗಳವೇ ಇಲ್ಲ, ಒಂದು ಮುಗಿದರೆ ಇನ್ನೊಂದು. ಅವನು ಕಂಡುದನ್ನು, ಮಾಡಿದುದನ್ನು, ಅದರಿಂದ ತನಗಾದುದನ್ನು ಹೇಳಿಕೊಳ್ಳಲು ಹಿರಿಯರು ಹತ್ತಿರವಿಲ್ಲ. ಇದ್ದರೂ ಕೇಳುವುದು ‘ಎಷ್ಟು ಹೊತ್ತು ಆಡಿದೆ?’ ಎಂಬುದನ್ನೇ.

ಆದುದರಿಂದ ಸಾಹಿತ್ಯದ ಉಪಾಧ್ಯಾಯರ ಕರ್ತವ್ಯವು ಸ್ಪಷ್ಟವಾಗಿದೆ. ವಯಸ್ಸಿನ ಮುದ್ರೆಯನ್ನು ಮನ್ನಿಸತಕ್ಕದ್ದು ಸರಿಯೇ. ಆದರೆ ಅದು ವಿಮರ್ಶೆಯ ಕೆಲಸವನ್ನು ಮಾಡಲಾರದು. ‘ಅಲ್ಲಿ ನೀನು ಯಾರಾಗಿದ್ದೆ? ಕೊಂದುದು ಏಕೆ? ಕೊಲ್ಲದೆ ಸಾಗುವ ದಾರಿಯಿತ್ತೆ? ಆ ಹಗೆಯವನಿಗೆ ಹೆಸರಿತ್ತೆ?’ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲ ಉಪಾಧ್ಯಾಯನು ಹುಡುಗನನ್ನು ವಯಸ್ಕತೆಯಿಂದ ಪ್ರೌಢತೆಯ ಕಡೆಗೆ ಒಯ್ಯಬಲ್ಲನು. ಆಡುವವರಲ್ಲಿ ವಿವೇಕಿಗಳು ಈ ಪ್ರಶ್ನೆಗಳನ್ನು ಆಗಲೇ ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತಿದ್ದಾರೆ. ಹಿರಿಯರು ಆ ಮಾತಿಗೆ ಕಿವಿಗೊಡುವುದಷ್ಟೇ ಉಳಿದಿದೆ.