ಹುಮನಾಬಾದಿನ ರೈಲು, ಬಸವಕಲ್ಯಾಣದ ಕ್ಯಾಮೆರಾ

ಬಸವಕಲ್ಯಾಣಕ್ಕೆ ರೈಲಿಲ್ಲ. ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿ, ಶರಣರ ಅನುಭವ ಮಂಟಪದ ನೆಲೆಯಾಗಿ ಲೋಕವಿಖ್ಯಾತವಾದ ಆ ಊರಿನವರು ರೈಲನ್ನು ಏರಬೇಕಾದರೂ, ಬರಿದೆ ಕಣ್ತುಂಬ ನೋಡಬೇಕಾದರೂ, ಸುಮಾರು 30 ಕಿಲೋಮೀಟರು ದೂರದ ಹುಮನಾಬಾದಿಗೆ ಬರತಕ್ಕದ್ದು. ಹಾಗೆ ಬಂದ ತರುಣನೊಬ್ಬನನ್ನು, ಮಾಣಿಕನಗರದಲ್ಲಿ ಪ್ರಭುಗಳ ದರ್ಶನವನ್ನು ಮುಗಿಸಿಕೊಂಡು ಹುಮನಾಬಾದ್ ನಿಲ್ದಾಣದಲ್ಲಿ ಕುಳಿತಿದ್ದ ನಾನು ಕಳೆದ ಚಳಿಗಾಲದ ಒಂದು ಮುಂಜಾನೆ ಕಂಡೆ. ರೈಲಿನ ಚಿತ್ರಗಳ ಮೋಹ ನನಗೂ ಬಹುಕಾಲದಿಂದ ಉಂಟು. ಆದರೂ ಒಂದು ಚಿತ್ರವನ್ನು ತೆಗೆಯುವುದರಲ್ಲಿ ಮತ್ತು, ಅದಕ್ಕಿಂತ ಮಿಗಿಲಾಗಿ, ತೆಗೆದ ಚಿತ್ರವನ್ನು ಲೋಕದ ಮುಂದೆ ಇಡುವುದರಲ್ಲಿ ಇಷ್ಟು ಶ್ರದ್ಧೆಯನ್ನು ತಳೆದವರನ್ನು ನಾನು ಕಂಡದ್ದು ವಿರಳ. ಆ ಭೇಟಿಯ ಉತ್ಸಾಹ ಇನ್ನೂ ಇಳಿಯದಿರುವುದರಿಂದಲೇ ಈ ಲೇಖನ.

ಅವನು ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಇಳಿಜಾರು ಆರಂಭವಾಗುವುದಕ್ಕೆ ಮೊದಲೇ, ಅಂಚಿನ ಗೆರೆಯಿಂದ ಚೆನ್ನಾಗಿ ಒಳಗೆ ನಿಂತಿದ್ದನು. ಬೀದರಿನಿಂದ ಕಲಬುರಗಿಗೆ ಹೋಗುವ ಈ ಹಳಿಯ ಒಟ್ಟು ದಿಕ್ಕು ಈಶಾನ್ಯದಿಂದ ನೈಋತ್ಯಕ್ಕೆ. ಆದಕಾರಣ ಕಲಬುರಗಿಯ ಕಡೆಯಿಂದ ಬರುವ ಗಾಡಿಯ ಮುಖಕ್ಕೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆಂದೂ, ಬೀದರಿನ ಕಡೆಯಿಂದ ಬರುವ ಗಾಡಿಗೆ ಸಂಜೆಯವರೆಗೆ ಕಾಯಬೇಕೆಂದೂ ಅವನು ಲೆಕ್ಕ ಹಾಕಿಟ್ಟಿದ್ದನು. ಡೆಮು ಗಾಡಿ ಬಂತು, ಮೂರು ನಾಲ್ಕು ಸಲ ಕ್ಯಾಮೆರಾ ಕ್ಲಿಕ್ಕೆಂದಿತು, ಗಾಡಿ ಹೊರಟೂ ಹೋಯಿತು. ಫ್ಲ್ಯಾಶ್ ಬೆಳಗಲಿಲ್ಲ, ಎದುರಿನಿಂದ ಬರುವ ಚಾಲಕನ ಕಣ್ಣಿಗೆ ಬೆಳಕು ಹೊಡೆಯುವುದು ಸೌಜನ್ಯದ ಮಾತಿಗಿಂತ ಮೊದಲು ಸುರಕ್ಷತೆಯ ಮಾತು. ಅನಂತರ ಅವನು ಮಾಡಿದ್ದು ನನ್ನನ್ನು ಸೆಳೆಯಿತು. ಎಲ್ಲರೂ ಮಾಡುವಂತೆ ಆ ಕ್ಷಣವೇ ಚಿತ್ರವನ್ನು ಯಾವುದೋ ಗ್ರೂಪಿಗೆ ಎಸೆಯದೆ, ಜೇಬಿನಿಂದ ಚಿಕ್ಕದೊಂದು ನೋಟುಬುಕ್ಕನ್ನು ತೆಗೆದು, ದಿನ, ವೇಳೆ, ಗಾಡಿ ಬಂದ ದಿಕ್ಕು, ಗಾಡಿಯ ಸಂಖ್ಯೆ, ಡಬ್ಬಿಯ ಮೈಮೇಲಿನ ಸಂಖ್ಯೆ, ಎಲ್ಲವನ್ನೂ ಬರೆದುಕೊಂಡನು.

ಚಹಾ ಕುಡಿಯುತ್ತ ಮಾತಿಗೆ ಕುಳಿತಾಗ ಅವನು ಮೊಬೈಲಿನಲ್ಲಿ ಒಂದೇ ಚಿತ್ರದ ಎರಡು ಪ್ರತಿಗಳನ್ನು ತೋರಿಸಿದನು. ಕಮಲಾಪುರದ ಆಚೆ ಈಚೆ ಈ ಮಾರ್ಗವು ಗುಡ್ಡಗಳನ್ನು ಭೇದಿಸುವಲ್ಲಿ ಮರಗುತ್ತಿಯ ಬಳಿ ಒಂದು ಸುರಂಗವಿದೆಯಷ್ಟೆ. ರೈಲ್ವೆಯ ಗಡಿಯ ಹೊರಗಿನ ದಿಬ್ಬದ ಮೇಲೆ ನಿಂತು, ಆ ಸುರಂಗದಿಂದ ಗಾಡಿಯು ಹೊರಬೀಳುವುದನ್ನು ಅವನು ಹಿಡಿದಿದ್ದನು. ಮೂಲಚಿತ್ರದಲ್ಲಿ ಬೇಸಗೆಯ ಬಣ್ಣಗೆಟ್ಟ ಹುಲ್ಲು, ಕಂದುಗಲ್ಲಿನ ಕೊರೆತ, ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರು, ಊರು, ತಾರೀಖು. ಎರಡನೆಯದು ಹತ್ತಾರು ಕೈ ದಾಟಿ ಅವನಿಗೇ ಮರಳಿ ಬಂದದ್ದು. ಅದರಲ್ಲಿ ಮೂಲೆಯನ್ನು ಕತ್ತರಿಸಿ ಹೆಸರನ್ನು ತೆಗೆದಿದ್ದರು. ಹುಲ್ಲಿಗೆ ಹಸುರು ಬಳಿದಿದ್ದರು. ಕೆಳಗೆ ಸಕಲೇಶಪುರದ ಘಟ್ಟ ಎಂದು ಬರೆದಿದ್ದರು. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ 57 ಸುರಂಗಗಳಿವೆ. ಆ ಸಿರಿವಂತ ಘಟ್ಟಕ್ಕೆ ಕಲಬುರಗಿ ಜಿಲ್ಲೆಯ ಬಡ ಗುಡ್ಡದ ಸುರಂಗವನ್ನೂ ಸೇರಿಸಿಬಿಟ್ಟಿದ್ದರು.

“ನನ್ನ ಹೆಸ್ರು ಅಳಿಸಿದ್ರ ಬ್ಯಾಸರ ಆಗ್ತದ್ರಿ ಸರ್. ಆದ್ರ ಮರಗುತ್ತಿ ಹೆಸ್ರು ಅಳಿಸಿದ್ದು ಭಾಳ ಕೆಟ್ಟನ್ನಿಸ್ತು. ನಮ್ಮ ಕಡಿ ಲೈನ್ ಅಂತ ಯಾರಿಗೂ ಗೊತ್ತೇ ಆಗಲಿಲ್ಲ ನೋಡ್ರಿ.”

ಈ ಮಾತಿನ ಹಿಂದಿನ ನೋವನ್ನು ಅರಿಯಬೇಕಾದರೆ ಈ ಹಳಿಯ ಚರಿತ್ರೆಯನ್ನು ನೆನೆಯಬೇಕು. 1990ರ ದಶಕದ ಕೊನೆಯಲ್ಲಿ ಮಂಜೂರಾದ, ಉದ್ದದಲ್ಲಿ ಕೇವಲ 110 ಕಿಲೋಮೀಟರಿನಷ್ಟಾಗುವ ಬೀದರ–ಕಲಬುರಗಿ ಮಾರ್ಗವು ಪೂರ್ಣವಾಗಿ ಉದ್ಘಾಟನೆಗೊಂಡದ್ದು 2017ರ ಅಕ್ಟೋಬರ್ 29ರಂದು. ಎರಡು ದಶಕಗಳಷ್ಟು ಕಾದು ಪಡೆದ ಹಳಿಯ ಚಿತ್ರವನ್ನು ಪರಸ್ಥಳದ ಹೆಸರಿನಲ್ಲಿ ಮೆರೆಯಿಸಿದರೆ ಇಲ್ಲಿಯವರಿಗೆ ಏನನ್ನಿಸಬೇಡ?

ಹವ್ಯಾಸಿಗಳ ವಲಯದಲ್ಲಿ ಗುಣಮಟ್ಟದ ಚರ್ಚೆ ಒಂದು ಕಡೆ, ಶಿಷ್ಟಾಚಾರದ ಚರ್ಚೆ ಇನ್ನೊಂದು ಕಡೆ ನಡೆಯುವುದು ವಾಡಿಕೆ. ನನ್ನ ಮಟ್ಟಿಗೆ ಇವೆರಡೂ ಬೇರೆಯಲ್ಲ. ರೈಲಿನ ಚಿತ್ರವು ಒಂದು ಸಾಕ್ಷ್ಯ; ಸ್ಥಳ, ಕಾಲ, ಸಂಖ್ಯೆ, ತೆಗೆದವರ ಹೆಸರು, ಇವು ಅದರ ಅಂಗಾಂಗಗಳು; ಇವುಗಳಲ್ಲಿ ಯಾವುದನ್ನು ಕಡಿದರೂ ಚಿತ್ರವೇ ಊನವಾಗುತ್ತದೆ. ಇಂಜಿನ್ನಿನ ಪಕ್ಕದಲ್ಲಿ ಅದರ ಐದು ಅಂಕಿಯ ಸಂಖ್ಯೆಯೂ, ಅದನ್ನು ಪೋಷಿಸುವ ಷೆಡ್ಡಿನ ಹೆಸರೂ, ಗುತ್ತಿಯೋ ಕಾಜಿಪೇಟೆಯೋ ಮೌಲಾಲಿಯೋ, ಬಣ್ಣದಲ್ಲಿ ಬರೆದಿರುತ್ತವೆ. ಆಕಾಶದ ಮೋಡ ಚೆಲುವಾಗಿದೆಯೆಂದು ಮೋಡವನ್ನು ಉಳಿಸಿಕೊಂಡು ಆ ಅಕ್ಷರಗಳನ್ನು ಕತ್ತರಿಸಿದ ಚಿತ್ರವು ನೋಡಲು ಎಷ್ಟೇ ಸೊಗಸಾಗಿರಲಿ, ಮುಂದಿನ ಪೀಳಿಗೆಯ ಜಿಜ್ಞಾಸುವಿಗೆ ಏನನ್ನೂ ಹೇಳಲಾರದು. ಪೆರಂಬೂರಿನ ಕಾರ್ಖಾನೆಯು 1955ರಿಂದ ಕಟ್ಟುತ್ತ ಬಂದ ಹಳೆಯ ಮಾದರಿಯ ಡಬ್ಬಿಗಳ ತಯಾರಿಕೆ 2018ರ ಜನವರಿಯಲ್ಲಿ ನಿಂತಿತು. ನಿನ್ನೆ ಮೊನ್ನೆಯವರೆಗೆ ಯಾರೂ ತಿರುಗಿ ನೋಡದಿದ್ದ ಆ ನೀಲಿ ಡಬ್ಬಿಗಳ ಸಾಧಾರಣ ಚಿತ್ರವೂ, ತಾರೀಖು ಸ್ಥಳಗಳು ಸರಿಯಾಗಿದ್ದ ಪಕ್ಷದಲ್ಲಿ, ಇಂದು ದಾಖಲೆಯಾಗಿದೆ.

ತಾಂತ್ರಿಕ ಗುಣವನ್ನೂ ನಾನು ಹಗುರವಾಗಿ ಕಾಣುವವನಲ್ಲ. ಗಂಟೆಗೆ 72 ಕಿಲೋಮೀಟರು ವೇಗದ ಗಾಡಿಯು ಸೆಕೆಂಡಿಗೆ 20 ಮೀಟರು ಓಡುತ್ತದೆ. ಕ್ಯಾಮೆರಾದ ಕಣ್ಣು ಸೆಕೆಂಡಿನ 60ರಲ್ಲಿ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಗಾಡಿ 33 ಸೆಂಟಿಮೀಟರು ಸರಿದಿರುತ್ತದೆ, 1000ದಲ್ಲಿ ಒಂದು ಪಾಲಾದರೆ ಕೇವಲ 2 ಸೆಂಟಿಮೀಟರು. ಸಂಖ್ಯೆ ಓದಲು ಬರುವುದೂ ಬಾರದಿರುವುದೂ ಈ ಅಂತರದಲ್ಲಿದೆ. ಇಷ್ಟು ಶ್ರಮದಿಂದ ತೆಗೆದದ್ದನ್ನು ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗೆ ಅಡಗಿರುವ ದಿನಾಂಕ ಮೊದಲಾದ ವಿವರಗಳನ್ನೂ ಕಳೆದುಬಿಡುತ್ತದೆ. 4000ಕ್ಕೆ 3000 ಬಿಂದುಗಳ ಚಿತ್ರವು 1600ಕ್ಕೆ 1200 ಆಯಿತೆಂದರೆ ಉಳಿಯುವುದು ಹೆಚ್ಚುಕಡಿಮೆ ಆರನೆಯ ಒಂದು ಪಾಲು. ಅದನ್ನೇ ಡಾಕ್ಯುಮೆಂಟಾಗಿ ಕಳುಹಿಸಿದರೆ ಮೂಲವು ಇದ್ದಂತೆಯೇ ತಲುಪುತ್ತದೆ. ಕಷ್ಟವೆಂದರೆ ಒಂದು ಬೆರಳೊತ್ತು ಹೆಚ್ಚು.

ಹೆಸರಿನ ಪ್ರಶ್ನೆಗೆ ಬರೋಣ. ಕದಿಯುತ್ತಾರೆಂಬ ಭಯದಿಂದ ಇಂಜಿನ್ನಿನ ನಡುವೆಯೇ ಅಡ್ಡಡ್ಡ ದೊಡ್ಡ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಹೊಡೆದುಕೊಳ್ಳುವವರಿದ್ದಾರೆ. ಅವರ ಭಯ ನ್ಯಾಯವಾದುದೇ. ಆದರೆ ಇದೇ ಹುಮನಾಬಾದ್ ತಾಲ್ಲೂಕಿನ ಜಲಸಂಗವಿಗೆ ಅವರನ್ನೆಲ್ಲ ಒಮ್ಮೆ ಕರೆದೊಯ್ಯಬೇಕೆಂದು ನನಗೆ ಆಸೆ. ಅಲ್ಲಿಯ ಚಾಲುಕ್ಯ ದೇವಾಲಯದ ಹೊರಭಿತ್ತಿಯಲ್ಲಿ ಬಳುಕಿ ನಿಂತು ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳು ಇದ್ದಾಳೆ. ಆಕೆ ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಸಾರುವ ಸಂಸ್ಕೃತ ಶ್ಲೋಕ. ಅರ್ಧ ಶತಮಾನ ನಾಡನ್ನಾಳಿದ ಚಕ್ರವರ್ತಿಯ ಹೆಸರೆಂದರೆ ಅದಕ್ಕಿಂತ ದೊಡ್ಡ ಹೆಸರು ಆ ಕಾಲಕ್ಕೆ ಯಾವುದಿತ್ತು? ಆದರೂ ಶಿಲ್ಪಿಯು ಅಕ್ಷರಗಳನ್ನು ಆಕೆಯ ಮೈಮೇಲೆ ಕೊರೆಯದೆ, ಆಕೆಯ ಕೈಯಡಿಯ ಫಲಕಕ್ಕೆ ಸೀಮಿತಗೊಳಿಸಿ, ಬರವಣಿಗೆಯನ್ನು ಶಿಲ್ಪದ ಒಂದು ಅಂಗವನ್ನಾಗಿ ಮಾಡಿದನು. ಓದಬೇಕೆನ್ನುವವನಿಗೆ ಹೆಸರು ಸಿಗುತ್ತದೆ, ನೋಡಬೇಕೆನ್ನುವವನಿಗೆ ಅಡ್ಡಿಯಿಲ್ಲ. ಆ ಬಾಲಿಕೆಯ ಚಿತ್ರವೂ ಊರಿನ ಹೆಸರಿಲ್ಲದೆ ಎಲ್ಲೆಲ್ಲೋ ತಿರುಗುವುದನ್ನು ನಾನು ಕಂಡಿದ್ದೇನೆ, ಮತ್ತು ಕಂಡಾಗಲೆಲ್ಲ ಜಲಸಂಗವಿ ಎಂದು ಕೆಳಗೆ ಬರೆದು ಬಂದಿದ್ದೇನೆ. ಕಾನೂನಿನ ಮಾತನ್ನು ಹೇಳುವುದಾದರೆ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ಅದರ 57ನೆಯ ಪ್ರಕರಣವು ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವ ವಿಕಾರಗಳನ್ನು ತಡೆಯುವ ಹಕ್ಕನ್ನು ಅವನಿಗೆ ಕೊಟ್ಟಿದೆ.

ಚಿತ್ರವನ್ನು ತಿದ್ದಲೇಬಾರದೆಂದು ನಾನು ಹೇಳುವುದಿಲ್ಲ. ಅಮೆರಿಕದ ವಿನ್‌ಸ್ಟನ್ ಲಿಂಕ್ 1956ರಲ್ಲಿ ಪಶ್ಚಿಮ ವರ್ಜೀನಿಯದ ಬಯಲು ಚಿತ್ರಮಂದಿರವೊಂದರ ಪಕ್ಕದಲ್ಲಿ ಉಗಿಬಂಡಿಯು ಹಾದುಹೋಗುವುದನ್ನು ರಾತ್ರಿಯಲ್ಲಿ ತೆಗೆದ ಚಿತ್ರವು ರೈಲು ಛಾಯಾಗ್ರಹಣದ ಶಿಖರಗಳಲ್ಲಿ ಒಂದು. ಫ್ಲ್ಯಾಶಿನ ಬೆಳಕಿಗೆ ಬೆಳ್ಳಿತೆರೆ ಬರಿದಾಗಿ ಬಂದದ್ದರಿಂದ ತೆರೆಯ ಮೇಲಿನ ವಿಮಾನವನ್ನು ಅವರು ಬೇರೊಂದು ನೆಗೆಟಿವಿನಿಂದ ಕೂಡಿಸಿದರು. ಹಾಗೆ ಕೂಡಿಸಿದ್ದು ಎಲ್ಲರಿಗೂ ತಿಳಿದ ಸಂಗತಿಯಾಗಿರುವುದರಿಂದಲೇ ಅದು ಕಲೆ. ಮರಗುತ್ತಿಗೆ ಹಸುರು ಬಳಿದು ಮುಚ್ಚಿಟ್ಟದ್ದು ವಂಚನೆ.

ಇನ್ನು ತೆಗೆಯುವಾಗಿನ ಅತಿಕ್ರಮದ ವಿಷಯ. ಹಳಿಯ ಮೇಲೆ ನಿಂತು ತೆಗೆದ ಚಿತ್ರಕ್ಕೆ ಮೆಚ್ಚುಗೆಯನ್ನು ಒತ್ತುವವರು ಮುಂದಿನವನನ್ನು ಹಳಿಯ ಮೇಲಕ್ಕೆ ತಳ್ಳುತ್ತಿದ್ದಾರೆ. 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಂತೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ನಾನು ಹೇಳುವುದು ದಂಡದ ಭಯದಿಂದಲ್ಲ. ಅಂಥ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ಹಂಚದಿರುವುದೇ ಕರ್ತವ್ಯ. ಚಾಲಕನ, ಗೇಟುಗಾರನ, ಬೆಂಚಿನ ಮೇಲೆ ಮಲಗಿದ ಪ್ರಯಾಣಿಕರ ಮುಖಗಳನ್ನು ಕೇಳದೆ ಹರಡುವುದೂ ಅಷ್ಟೇ ಅನುಚಿತ. ಒಂದು ಕ್ಷಣದ ಭಂಗಿಯನ್ನು ಹಿಡಿದು ಕರ್ತವ್ಯಲೋಪವೆಂದು ಯಾರಾದರೂ ಕೂಗಿದರೆ ಒಬ್ಬ ನೌಕರನ ಅನ್ನಕ್ಕೆ ಕುತ್ತು ಬರಬಹುದು. ಬಸವಕಲ್ಯಾಣದ ತರುಣನು ಮುಖ ಕಾಣುವ ಚಿತ್ರಗಳನ್ನು ಮೊದಲು ಆಯಾ ವ್ಯಕ್ತಿಗೇ ತೋರಿಸುತ್ತಾನೆ. ಹೊಸಬರ ಚಿತ್ರ ವಾಲಿದ್ದರೆ ಎಲ್ಲರೆದುರು ನಗೆಯಾಡದೆ, ಪ್ರತ್ಯೇಕವಾಗಿ ಬರೆದು, ನಿಲ್ದಾಣದ ಕಂಬವನ್ನು ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆಂದು ತಿಳಿಸುತ್ತಾನೆ.

ಈಗ ಅವನು ಕೈಹಾಕಿರುವ ಕೆಲಸ ಬೇರೊಂದಿದೆ. 2017ರ ಆ ಅಕ್ಟೋಬರಿನ ದಿನಗಳಲ್ಲಿ ಹೊಸ ಗಾಡಿಯನ್ನು ನೋಡಲು ಬಂದವರ ಮೊಬೈಲುಗಳಲ್ಲಿ ಚಿತ್ರಗಳು ಇನ್ನೂ ಉಳಿದಿವೆ. ಕೆಲವರ ಫೋನು ಕೆಟ್ಟಿದೆ, ಕೆಲವರ ಮೆಮೊರಿ ಕಾರ್ಡು ಮಕ್ಕಳ ಆಟಕ್ಕೆ ಸೇರಿದೆ. ಹುಮನಾಬಾದ್, ಕಮಲಾಪುರ, ತಾಜಸುಲ್ತಾನಪುರ ಎಂದು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗಿ, ಅಂಗಡಿಯವರನ್ನೂ ಆಟೋದವರನ್ನೂ ವಿಚಾರಿಸಿ, ವಾಟ್ಸ್‌ಆ್ಯಪಿನ ಪ್ರತಿಯನ್ನು ಒಲ್ಲೆನೆಂದು ಮೂಲ ಕಡತವನ್ನೇ ಬೇಡಿ ಪಡೆದು, ತೆಗೆದವರ ಹೆಸರನ್ನು ಅವರ ಒಪ್ಪಿಗೆಯಿಂದಲೇ ಬರೆದಿಡುತ್ತಿದ್ದಾನೆ. ಚಿತ್ರ ಮಸುಕಾಗಿದ್ದರೂ ಬಿಡುವುದಿಲ್ಲ. ತಾರೀಖು ಖಚಿತವಾಗದಿದ್ದರೆ ಮಾತ್ರ, ಅದು ಎಷ್ಟೇ ಸ್ಫುಟವಾಗಿರಲಿ, ಬೇರೆಯ ಫೋಲ್ಡರಿನಲ್ಲಿಟ್ಟು ವಿಚಾರಣೆಯನ್ನು ಮುಂದುವರಿಸುತ್ತಾನೆ. ಈ ಲೇಖನವನ್ನು ಓದುವ ಬೀದರ, ಕಲಬುರಗಿ ಜಿಲ್ಲೆಗಳವರಲ್ಲಿ ಯಾರ ಬಳಿಯಾದರೂ ಆ ದಿನಗಳ ಚಿತ್ರವಿದ್ದರೆ, ಫೋನನ್ನು ಬದಲಿಸುವ ಮೊದಲು ಮೂಲವನ್ನು ಬೇರೊಂದೆಡೆ ಇಳಿಸಿಕೊಂಡು, ಯಾವ ನಿಲ್ದಾಣ, ಯಾವ ಹೊತ್ತು, ಯಾರು ತೆಗೆದರು ಎಂಬುದನ್ನು ಅದರ ಜೊತೆಗೇ ಬರೆದಿಡಬೇಕೆಂದು ಕೋರುತ್ತೇನೆ.