ವಿಚಾರ ಮಾಡುವ ದನಿ: ಪೋಲೆಂಡಿನ ನಟ ಗುಸ್ತಾವ್ ಹೊಲೌಬೆಕ್

ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ರೇಡಿಯೋ ನಾಟಕವನ್ನು ಕೇಳುವ ನಮಗೆ ವೇಷಭೂಷಣ ಕಾಣದು, ಕೈ ಕಣ್ಣುಗಳ ಚಲನೆಯೂ ಕಾಣದು. ವಾಚಿಕವೊಂದೇ ನಮ್ಮ ಪಾಲಿಗೆ ಬರುತ್ತದೆ. ಉಳಿದ ಮೂರನ್ನೂ ಅದರಿಂದಲೇ ಊಹಿಸಿಕೊಳ್ಳುತ್ತೇವೆ. ಆದುದರಿಂದ ಆಡುವ ಮಾತಿನ ಬೆಲೆ ಏನೆಂಬುದನ್ನು ರೇಡಿಯೋ ಶ್ರೋತೃಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೋಲೆಂಡ್ ದೇಶದಲ್ಲಿ ಒಬ್ಬ ನಟರು ಹೆಚ್ಚಾಗಿ ವಾಚಿಕದ ಬಲದಿಂದಲೇ ಆ ನಾಡಿನ ಅಗ್ರಶ್ರೇಣಿಯ ಕಲಾವಿದರೆನಿಸಿಕೊಂಡರು. ಅವರು ನಾಯಕನಾಗಿ ಆಡಿದ ಒಂದು ನಾಟಕವು ಸರ್ಕಾರವನ್ನೇ ಕಳವಳಗೊಳಿಸಿತು. ಅವರ ಹೆಸರು ಗುಸ್ತಾವ್ ಹೊಲೌಬೆಕ್.

ಹೊಲೌಬೆಕ್ ಹುಟ್ಟಿದ್ದು 1923ನೆಯ ಇಸವಿ ಏಪ್ರಿಲ್ 21ರಂದು, ಪೋಲೆಂಡಿನ ಹಳೆಯ ರಾಜಧಾನಿಯಾದ ಕ್ರಾಕೋ ನಗರದಲ್ಲಿ. 1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೇನೆ ಪೋಲೆಂಡಿನ ಮೇಲೆ ಬಿದ್ದಾಗ ಅವರಿಗೆ ಹದಿನಾರು ವರ್ಷ. ಆ ವಯಸ್ಸಿನಲ್ಲೇ ಸ್ವಯಂಸೇವಕರಾಗಿ ಸೈನ್ಯಕ್ಕೆ ಸೇರಿ, ಜರ್ಮನರ ಕೈಗೆ ಸಿಕ್ಕಿ ಯುದ್ಧಕೈದಿಯಾದರು. ಬಿಡುಗಡೆಯಾಗಿ ಊರಿಗೆ ಬಂದಮೇಲೆ ಯುದ್ಧ ಮುಗಿಯುವವರೆಗೂ ಅಲ್ಲಿನ ಗ್ಯಾಸ್ ಕಾರ್ಖಾನೆಯಲ್ಲಿ ದುಡಿದರು. ಯೌವನದಲ್ಲಿಯೇ ಕ್ಷಯರೋಗವೂ ಕಾಡಿತು. ಎದೆಯ ಬಲವಿಲ್ಲದವನಿಗೆ ರಂಗಭೂಮಿ ಏತಕ್ಕೆ ಎಂದು ಯಾರಾದರೂ ಕೇಳಬಹುದಾಗಿತ್ತು. ಆದರೂ ಅವರು ನಾಟಕಶಾಲೆಯಲ್ಲಿ ಕಲಿತು, 1947ರಲ್ಲಿ ಕ್ರಾಕೋವಿನ ರಂಗದ ಮೇಲೆ ಮೊದಲ ಹೆಜ್ಜೆಯಿಟ್ಟರು. ಆಮೇಲೆ ಗಣಿಗಳ ನಾಡಾದ ಕಾಟೊವಿತ್ಸೆಯಲ್ಲಿ ಕೆಲವು ವರ್ಷ ದುಡಿದು, 1950ರ ದಶಕದ ಕೊನೆಯ ಹೊತ್ತಿಗೆ ರಾಜಧಾನಿಯಾದ ವಾರ್ಸಾಕ್ಕೆ ಬಂದು ನೆಲೆಸಿದರು.

ಅವರ ದನಿ ಗುಡುಗಿನಂಥದಲ್ಲ. ಸ್ವಲ್ಪ ಮೂಗಿನಿಂದ ಬರುವಂತೆ, ಅವಸರವಿಲ್ಲದೆ, ನಡುನಡುವೆ ನಿಂತು, ಮುಂದಿನ ಮಾತನ್ನು ಈಗತಾನೆ ಹುಡುಕಿಕೊಂಡವರಂತೆ ಅವರು ನುಡಿಯುತ್ತಿದ್ದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ನಟನನ್ನು ಕಂಡರೆ ನಮಗೆ ಬೇಸರವಾಗುವುದುಂಟು. ಹೊಲೌಬೆಕ್ ಅವರನ್ನು ಕೇಳಿದವರಿಗಾದರೋ, ಈ ಮನುಷ್ಯನು ನಮ್ಮೆದುರಿಗೇ ವಿಚಾರ ಮಾಡುತ್ತಿದ್ದಾನೆ ಎಂದು ತೋರುತ್ತಿತ್ತು. ಈ ಗುಣವು ಸಿನಿಮಾಕ್ಕೂ ಒದಗಿ ಬಂತು. ವೊಯ್ಚೆಖ್ ಹಾಸ್ ಎಂಬ ನಿರ್ದೇಶಕನ ‘ಕುಣಿಕೆ’ (1958) ಎಂಬ ಚಿತ್ರದಲ್ಲಿ ಅವರದು ಕುಡುಕನ ಪಾತ್ರ. ಸಂಜೆ ಚಿಕಿತ್ಸೆಗೆ ಹೋಗಬೇಕು, ಅಲ್ಲಿಯವರೆಗೆ ಒಂದೇ ಒಂದು ಹಗಲನ್ನು ಕುಡಿಯದೆ ಕಳೆಯಬೇಕು. ಆ ಹಗಲು ಕಳೆಯುವುದಿಲ್ಲ. ತೂರಾಡುವ ಹಾಸ್ಯವಿಲ್ಲ, ಎದೆ ಬಡಿದುಕೊಳ್ಳುವ ಗೋಳಿಲ್ಲ. ಗಡಿಯಾರ ನೋಡುತ್ತ ತನ್ನೊಡನೆ ತಾನೇ ವಾದಿಸಿ ಸೋಲುವ ಮನುಷ್ಯನೊಬ್ಬನಿದ್ದಾನೆ, ಅಷ್ಟೆ. ಅದೇ ನಿರ್ದೇಶಕನ ‘ಸಾರಗೋಸಾದಲ್ಲಿ ದೊರೆತ ಹಸ್ತಪ್ರತಿ’ (1965) ಚಿತ್ರದಲ್ಲಿ ಗಣಿತಜ್ಞನಾಗಿ, 1973ರಲ್ಲಿ ಕಾನ್ ಚಿತ್ರೋತ್ಸವದ ಬಹುಮಾನ ಪಡೆದ ‘ಮರಳುಗಡಿಯಾರದ ಆರೋಗ್ಯಧಾಮ’ದಲ್ಲಿ ವೈದ್ಯನಾಗಿ ಅವರು ಕಾಣಿಸಿಕೊಂಡಿದ್ದಾರೆ. ರೇಡಿಯೋ ನಾಟಕಗಳಲ್ಲಿಯೂ ದೂರದರ್ಶನದ ನಾಟಕಗಳಲ್ಲಿಯೂ ಅವರ ದನಿ ಮನೆಮನೆಗೆ ಪರಿಚಿತವಾಗಿತ್ತು.

ಇಷ್ಟಿದ್ದರೂ ಪೋಲಿಷ್ ಜನರು ಅವರನ್ನು ಮುಖ್ಯವಾಗಿ ನೆನೆಯುವುದು ಒಂದು ಪಾತ್ರಕ್ಕಾಗಿ. ಅದನ್ನು ತಿಳಿಯಬೇಕಾದರೆ ಆ ನಾಡಿನ ಮಹಾಕವಿಯ ವಿಷಯವನ್ನು ಸ್ವಲ್ಪ ಹೇಳಬೇಕು.

1772, 1793, 1795 ಹೀಗೆ ಮೂರು ಸಲ ನೆರೆಯ ರಾಜ್ಯಗಳು ಪೋಲೆಂಡನ್ನು ಹರಿದು ಹಂಚಿಕೊಂಡವು. 1918ರವರೆಗೆ ಭೂಪಟದಲ್ಲಿ ಆ ದೇಶವೇ ಇರಲಿಲ್ಲ. ದೇಶವಿಲ್ಲದ ಜನರಿಗೆ ಭಾಷೆಯೊಂದೇ ದೇಶವಾಗಿದ್ದ ಕಾಲದಲ್ಲಿ ಬಾಳಿದವನು ಆದಾಮ್ ಮಿತ್ಸ್ಕೇವಿಚ್ (1798–1855). ವಿಲ್ನ ನಗರದಲ್ಲಿ ವಿದ್ಯಾರ್ಥಿಗಳ ಗುಪ್ತ ಸಂಘಕ್ಕೆ ಸೇರಿದ್ದನೆಂದು 1823ರಲ್ಲಿ ಸೆರೆಯಾಗಿ, ಮರುವರ್ಷ ರಷ್ಯಕ್ಕೆ ಗಡಿಪಾರಾದನು. ಆತನ ‘ಜ್ಯಾದಿ’ ಎಂಬ ಕಾವ್ಯನಾಟಕದ ಹೆಸರಿಗೆ ‘ಹಿರಿಯರ ಹಬ್ಬ’ ಎಂದು ಅರ್ಥ ಹೇಳಬಹುದು. ಲಿಥುವೇನಿಯ, ಬೆಲರೂಸ್ ಕಡೆಯ ಹಳ್ಳಿಗರು ಸತ್ತವರಿಗೆ ಅನ್ನಪಾನಗಳನ್ನಿಟ್ಟು ಅವರನ್ನು ಕರೆಯುತ್ತಿದ್ದ ಆಚರಣೆ ಅದು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ನಮಗೆ ಅದರ ಭಾವ ಹೊಸದಲ್ಲ.

1832ರಲ್ಲಿ ಬರೆದ ಅದರ ಮೂರನೆಯ ಭಾಗದಲ್ಲಿ ಸೆರೆಮನೆಯ ದೃಶ್ಯವಿದೆ. ಪ್ರೇಮಭಗ್ನನಾದ ಗುಸ್ತಾವ್ ಎಂಬ ಯುವಕನು, ತಾನು ಇಂದು ಸತ್ತೆನೆಂದೂ ಕೊನ್ರಾದ್ ಎಂಬವನು ಇಲ್ಲಿ ಹುಟ್ಟಿದನೆಂದೂ ಗೋಡೆಯ ಮೇಲೆ ಬರೆಯುತ್ತಾನೆ. ತನ್ನ ದುಃಖವನ್ನು ಕಳಚಿ ಜನರ ದುಃಖವನ್ನು ತೊಟ್ಟನೆಂದು ಅದರ ತಾತ್ಪರ್ಯ. ಆಮೇಲೆ ರಾತ್ರಿ ಒಬ್ಬನೇ ನಿಂತು ದೇವರೊಡನೆಯೇ ಜಗಳಕ್ಕೆ ನಿಲ್ಲುತ್ತಾನೆ: ನಿನಗೆ ಬುದ್ಧಿಯುಂಟು, ಹೃದಯವಿಲ್ಲ, ಜನರ ಆತ್ಮಗಳನ್ನು ಆಳುವ ಅಧಿಕಾರವನ್ನು ನನಗೆ ಕೊಡು ಎಂಬುದು ಅವನ ವಾದದ ಸಾರ. ಈ ನೀಳವಾದ ಸ್ವಗತವನ್ನು ‘ಮಹಾ ಆಶುಕವಿತೆ’ ಎಂದು ಕರೆಯುತ್ತಾರೆ. ಪೋಲಿಷ್ ನಟನಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

1967ರ ನವೆಂಬರ್ 25ರಂದು ವಾರ್ಸಾದ ರಾಷ್ಟ್ರೀಯ ರಂಗಮಂದಿರದಲ್ಲಿ ಕಜಿಮೆಜ್ ದೇಯ್ಮೆಕ್ ಈ ನಾಟಕವನ್ನು ಆಡಿಸಿದರು. ವಿಚಿತ್ರವೆಂದರೆ, ಅದು ರಷ್ಯದ ಅಕ್ಟೋಬರ್ ಕ್ರಾಂತಿಯ ಐವತ್ತನೆಯ ವರ್ಷದ ಉತ್ಸವಕ್ಕೆ ಸೇರಿದ ಪ್ರಯೋಗವಾಗಿತ್ತು. ಗುಸ್ತಾವ್–ಕೊನ್ರಾದನ ಪಾತ್ರ ನಲವತ್ತನಾಲ್ಕು ವರ್ಷದ ಹೊಲೌಬೆಕ್ ಅವರದು. ಅವರ ಕೊನ್ರಾದನಲ್ಲಿ ಆವೇಶಕ್ಕಿಂತ ವಿಚಾರ ಮುಂದಾಗಿತ್ತು. ವಾದವೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಂಡು ಹೋಗಿ ದೇವರ ಬಾಗಿಲು ತಟ್ಟುವ ಬಗೆ ಅದು. ಆವೇಶವನ್ನು ನೋಡಿ ಮೆಚ್ಚಿ ಮನೆಗೆ ಹೋಗಬಹುದು. ವಾದಕ್ಕಾದರೋ ಹೌದೆಂದೋ ಅಲ್ಲವೆಂದೋ ಉತ್ತರ ಕೊಡಲೇಬೇಕಾಗುತ್ತದೆ. ಸಭಿಕರು ಉತ್ತರ ಕೊಟ್ಟರು. ಜಾರ್ ಚಕ್ರವರ್ತಿಯ ದಬ್ಬಾಳಿಕೆಯನ್ನು ಕುರಿತ ಮಾತು ಬಂದಾಗಲೆಲ್ಲ ಚಪ್ಪಾಳೆಯೆದ್ದಿತು. ನೂರ ಮೂವತ್ತೈದು ವರ್ಷದ ಹಿಂದೆ ಬರೆದ ಮಾತನ್ನು ಅವರು ಸೋವಿಯತ್ ರಷ್ಯದ ಹಿಡಿತದಲ್ಲಿದ್ದ ತಮ್ಮ ಅಂದಿನ ಸ್ಥಿತಿಗೆ ಅನ್ವಯಿಸಿಕೊಂಡರು.

ಆಳುವ ಪಕ್ಷಕ್ಕೆ ಇದು ಸಹ್ಯವಾಗಲಿಲ್ಲ. 1968ರ ಜನವರಿ 30ರ ಪ್ರದರ್ಶನವೇ ಕೊನೆಯದೆಂದು ಅಪ್ಪಣೆಯಾಯಿತು. ಆ ರಾತ್ರಿ ರಂಗಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಟಕ ಮುಗಿದಮೇಲೆ ವಿದ್ಯಾರ್ಥಿಗಳು ಮೆರವಣಿಗೆಯಾಗಿ ಹೋಗಿ ಮಿತ್ಸ್ಕೇವಿಚ್ ಕವಿಯ ಪ್ರತಿಮೆಯ ಬಳಿ ಸೇರಿದರು. ಪೋಲೀಸರು ಲಾಠಿ ಬೀಸಿ ಹಲವರನ್ನು ಹಿಡಿದರು. ಈ ಸಂಗತಿಯನ್ನು ಫ್ರೆಂಚ್ ಪತ್ರಕರ್ತರಿಗೆ ತಿಳಿಸಿದರೆಂದು ಆದಾಮ್ ಮಿಖ್ನಿಕ್, ಹೆನ್ರಿಕ್ ಷ್ಲಾಯ್ಫೆರ್ ಎಂಬಿಬ್ಬರನ್ನು ವಿಶ್ವವಿದ್ಯಾನಿಲಯದಿಂದ ಹೊರಹಾಕಲಾಯಿತು. ಅದನ್ನು ಖಂಡಿಸಿ ಮಾರ್ಚ್ 8ರಂದು ಕೂಡಿದ ಸಭೆಯ ಮೇಲೂ ಪೋಲೀಸರು ಬಿದ್ದರು. ಅಲ್ಲಿಂದ ಚಳವಳಿ ಬೇರೆ ನಗರಗಳಿಗೂ ಹಬ್ಬಿತು. ಅಧಿಕಾರಿಗಳು ತಪ್ಪನ್ನೆಲ್ಲ ಯೆಹೂದ್ಯರ ತಲೆಗೆ ಕಟ್ಟಿದರು. ಮುಂದಿನ ಮೂರು ವರ್ಷಗಳಲ್ಲಿ ಸಾವಿರಾರು ಮಂದಿ ಯೆಹೂದ್ಯರು ಹುಟ್ಟಿದ ನಾಡನ್ನು ಬಿಟ್ಟು ಹೋಗಬೇಕಾಯಿತು. ದೇಯ್ಮೆಕ್ ಕೆಲಸವನ್ನು ಕಳೆದುಕೊಂಡರು. ನಾಟಕ ಇವೆಲ್ಲಕ್ಕೂ ಕಾರಣವೆಂದು ಹೇಳಲಾಗದು. ಕಟ್ಟಿಗೆ ಮೊದಲೇ ಒಣಗಿತ್ತು. ಆದರೆ ಕಿಡಿ ಬಿದ್ದದ್ದು ರಂಗಭೂಮಿಯಿಂದ.

ಹೊಲೌಬೆಕ್ ಬೀದಿಗಿಳಿದ ಹೋರಾಟಗಾರರಲ್ಲ. 1972ರಿಂದ ವಾರ್ಸಾದ ‘ದ್ರಾಮತಿಚ್ನಿ’ ರಂಗಮಂದಿರದ ಮುಖ್ಯಸ್ಥರಾಗಿದ್ದರು. 1976ರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಆದರು. ಇರುವ ವ್ಯವಸ್ಥೆಯೊಳಗೇ ನಿಂತು ಒಳ್ಳೆಯ ನಾಟಕಕ್ಕೆ ಜಾಗ ಮಾಡಿಕೊಳ್ಳುವುದು ಅವರ ದಾರಿ. ಆ ದಾರಿಗೂ ಒಂದು ಎಲ್ಲೆಯಿತ್ತು. 1981ರ ಡಿಸೆಂಬರ್ 13ರಂದು ಸೈನಿಕ ಕಾನೂನು ಜಾರಿಗೆ ಬಂದಾಗ ಅನೇಕ ನಟರು ಸರ್ಕಾರಿ ರೇಡಿಯೋದಲ್ಲಿಯೂ ದೂರದರ್ಶನದಲ್ಲಿಯೂ ಭಾಗವಹಿಸಲು ನಿರಾಕರಿಸಿದರು. ಮಾತೇ ಜೀವನವಾಗಿದ್ದವರು ಮೌನದಿಂದ ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಹೊಲೌಬೆಕ್ 1982ರಲ್ಲಿ ಪಾರ್ಲಿಮೆಂಟಿನ ಸದಸ್ಯತ್ವವನ್ನು ಬಿಟ್ಟರು. 1983ರಲ್ಲಿ ಅವರನ್ನು ರಂಗಮಂದಿರದಿಂದ ತೆಗೆದುಹಾಕಲಾಯಿತು.

ಕಾಲಚಕ್ರ ತಿರುಗಿತು. 1989ರ ಜೂನ್‌ನಲ್ಲಿ ನಡೆದ ಚುನಾವಣೆಯಲ್ಲಿ ಜನರು ಹಳೆಯ ಆಡಳಿತವನ್ನು ತಿರಸ್ಕರಿಸಿದರು. ಹೊಲೌಬೆಕ್ ಸೆನೆಟಿಗೆ ಆರಿಸಿ ಬಂದರು. ಅದೇ ವರ್ಷ ತದೇಉಷ್ ಕೊನ್ವಿತ್ಸ್ಕಿಯವರು ‘ಜ್ಯಾದಿ’ಯನ್ನು ‘ಲಾವಾ’ ಎಂಬ ಹೆಸರಿನ ಚಲನಚಿತ್ರವಾಗಿ ತೆರೆಗೆ ತಂದರು. ತರುಣ ಕೊನ್ರಾದನಾಗಿ ಬೇರೊಬ್ಬ ಯುವನಟನಿದ್ದನು. ಆದರೆ ‘ಮಹಾ ಆಶುಕವಿತೆ’ಯನ್ನು ನುಡಿದವರು ಅರವತ್ತಾರು ವರ್ಷದ ಹೊಲೌಬೆಕ್. ಹಿಂದೆ ಯಾವ ನಾಟಕವನ್ನು ನಿಲ್ಲಿಸಲಾಗಿತ್ತೋ ಅದರ ಮಾತುಗಳನ್ನೇ ಈಗ ಸೆರೆ ಬಿಡಿಸಿಕೊಂಡ ನಾಡು ಕೇಳಿತು. ಕವಿಯ ಪಂಕ್ತಿಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನುಡಿಯುವವನಿಗೆ ವಯಸ್ಸಾಗಿತ್ತು, ಯೌವನದ ಸವಾಲು ಈಗ ಒಂದು ಬಾಳಿನ ಲೆಕ್ಕ ಒಪ್ಪಿಸುವಂತೆ ಕೇಳಿಸುತ್ತಿತ್ತು.

1996ರಿಂದ ಅವರು ವಾರ್ಸಾದ ಅತೆನೇಉಮ್ ರಂಗಮಂದಿರದ ನಿರ್ದೇಶಕರಾಗಿದ್ದು, ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. 2008ರ ಮಾರ್ಚ್ 6ರಂದು ತೀರಿಕೊಂಡರು. ವಾರ್ಸಾದ ಪೊವೋಂಸ್ಕಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ತರಗತಿಯಲ್ಲಿ ಪದ್ಯ ಓದಿಸುವಾಗ ನಾನು ಕಂಡಿರುವ ಒಂದು ಸಂಗತಿ ಇದೆ. ವೀರರಸದ ಪದ್ಯವೆಂದ ಕೂಡಲೇ ಹುಡುಗರು ಗಂಟಲು ಹರಿಯುವಂತೆ ಕೂಗುತ್ತಾರೆ. ಅರ್ಥವೇನೆಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರಿಗೆ ಈಗ ಈ ನಟರ ಕಥೆಯನ್ನು ಹೇಳುತ್ತೇನೆ. ಮೊದಲು ಅರ್ಥವನ್ನು ನಿಮ್ಮಷ್ಟಕ್ಕೆ ನೀವು ವಿಚಾರ ಮಾಡಿಕೊಳ್ಳಿ, ಆಮೇಲೆ ಬಾಯಿ ತೆರೆಯಿರಿ ಎನ್ನುತ್ತೇನೆ. ಒಂದಿಬ್ಬರಾದರೂ ಹಾಗೆ ಓದಿದ ದಿನ ಹಿಂದಿನ ಬೆಂಚಿನವರೂ ಕಿವಿಗೊಟ್ಟು ಕೇಳುತ್ತಾರೆ.