ಯಕೃತ್ತಿನಲ್ಲಿ ಅಡಗಿದ ಗಂತಿಯ ಶೋಧ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ ಈ ಪ್ರಾಚೀನ ಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಹೊರಟು ಕೆಳಗಣ ಬಯಲಿಗೆ ನೀರುಣಿಸುತ್ತವೆ. ಬೇಸಗೆಯಲ್ಲಿ ಗದ್ದೆಗಳು ಒಣಗಿರುವಾಗ ಅವುಗಳ ನಡುವಣ ಕಲ್ಲುನೆಲದ ತುಂಡೊಂದು ಗುಡ್ಡದ ಮೇಲಿಂದ ನೋಡುವವನಿಗೆ ಬೇರೆಯಾಗಿ ತೋರದು. ಎಲ್ಲವೂ ಒಂದೇ ಕಂದು ಬಣ್ಣ. ನೀರು ಹರಿದು, ನಾಟಿಯಾಗಿ, ಪೈರು ಹಸುರೇರಿತೆಂದರೆ ಆ ತುಂಡೊಂದೇ ಬೋಳಾಗಿ ಎದ್ದು ಕಾಣುವುದು. ಬದಲಾದದ್ದು ಸುತ್ತಲಿನ ಒಳ್ಳೆಯ ನೆಲ. ಬಯಲಾದದ್ದು ಕೆಟ್ಟ ನೆಲ.

ಯಕೃತ್ತಿಗೆ ಹರಡಿದ ಕ್ಯಾನ್ಸರನ್ನು ಎಂ.ಆರ್.ಐ. ಚಿತ್ರದಲ್ಲಿ ಹುಡುಕುವ ಅತ್ಯುತ್ತಮ ಉಪಾಯವೂ ಇಂತಹುದೇ. ಕರುಳಿನ ರಕ್ತವು ಪೋರ್ಟಲ್ ಸಿರೆಯ ಮೂಲಕ ನೇರವಾಗಿ ಯಕೃತ್ತಿಗೆ ಬರುವುದರಿಂದ, ದೊಡ್ಡ ಕರುಳಿನ ಕ್ಯಾನ್ಸರು ಅನೇಕ ವೇಳೆ ಮೊದಲು ಅಲ್ಲಿಯೇ ನೆಲೆಯೂರುತ್ತದೆ. ಗಂತಿಗಳು ಕೆಲವೇ ಆಗಿದ್ದರೆ ಶಸ್ತ್ರವೈದ್ಯರು ಅವನ್ನು ಕತ್ತರಿಸಿ ತೆಗೆಯಬಲ್ಲರು. ಉಳಿದ ಯಕೃತ್ತು ಮತ್ತೆ ಬೆಳೆಯಬಲ್ಲುದು. ಆದರೆ ಜೋಳದ ಕಾಳಿನಷ್ಟು ಗಂತಿಯೊಂದು ಕಣ್ತಪ್ಪಿ ಉಳಿದರೂ ರೋಗ ಮರುಕಳಿಸೀತು. ನಿರಪಾಯವಾದ ನೀರುಗುಳ್ಳೆಯನ್ನು ಕ್ಯಾನ್ಸರೆಂದು ಎಣಿಸಿದರೆ, ರೋಗಿಯು ಶಸ್ತ್ರಚಿಕಿತ್ಸೆಯ ಅವಕಾಶವನ್ನೇ ಕಳೆದುಕೊಂಡಾನು.

ಈ ಚಿತ್ರವು ಮೂಡುವ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ದೇಹದ ನೀರಿನಲ್ಲಿರುವ ಹೈಡ್ರೊಜನ್ ಬೀಜಗಳು ಪ್ರಬಲ ಕಾಂತಕ್ಷೇತ್ರದಲ್ಲಿ ರೇಡಿಯೋ ಅಲೆಯನ್ನು ಹೀರಿ, ಮತ್ತೆ ಮೊದಲಿನ ಸ್ಥಿತಿಗೆ ಮರಳುವಾಗ ಸಂಕೇತ ಕೊಡುತ್ತವೆ. ಇದರಿಂದ ಚಿತ್ರ ಪಡೆಯುವ ಮಾರ್ಗವನ್ನು ಲಾಟರ್ಬರ್ 1973ರಲ್ಲಿ ಪ್ರಕಟಿಸಿದರು. 2003ರಲ್ಲಿ ಅವರಿಗೂ ಮ್ಯಾನ್ಸ್‌ಫೀಲ್ಡರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಗಂತಿಯೂ ಯಕೃತ್ತೂ ಕೊಡುವ ಸಂಕೇತಗಳಲ್ಲಿ ಹೆಚ್ಚು ಅಂತರವಿಲ್ಲದಾಗ, ಅದನ್ನು ಹಿಗ್ಗಿಸಲು ರಕ್ತಕ್ಕೆ ಚುಚ್ಚುವ ಪದಾರ್ಥವೇ ಕಾಂಟ್ರಾಸ್ಟ್ ದ್ರವ್ಯ. ಗ್ಯಾಡೊಲಿನಿಯಂ ಅಯಾನಿನಲ್ಲಿ ಜೊತೆಯಿಲ್ಲದ 7 ಎಲೆಕ್ಟ್ರಾನುಗಳಿರುವುದರಿಂದ ಅದೊಂದು ಪುಟ್ಟ ಅಯಸ್ಕಾಂತದಂತೆ ವರ್ತಿಸಿ, ನೆರೆಯ ಹೈಡ್ರೊಜನ್ ಬೀಜಗಳು ಬೇಗ ಮರಳುವಂತೆ ಮಾಡುತ್ತದೆ. ಆ ಸ್ಥಳ ಚಿತ್ರದಲ್ಲಿ ಬೆಳಗುತ್ತದೆ.

ಈ ದ್ರವ್ಯಗಳಲ್ಲಿ ಮೂರು ಬಗೆ. ಮೊದಲನೆಯದು ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರೇಟ್ ಮೊದಲಾದ ಸಾಮಾನ್ಯ ದ್ರವ್ಯಗಳು. ಇವು ಜೀವಕೋಶಗಳ ಒಳಹೊಗದೆ ಮೂತ್ರಪಿಂಡದ ಮೂಲಕ ಹೊರಬೀಳುತ್ತವೆ. ಯಕೃತ್ತಿಗೆ ಮುಕ್ಕಾಲುಪಾಲು ರಕ್ತ ಪೋರ್ಟಲ್ ಸಿರೆಯಿಂದಲೂ ಉಳಿದದ್ದು ಧಮನಿಯಿಂದಲೂ ಬರುತ್ತದೆ; ಗಂತಿಯಾದರೋ ಬಹುಮಟ್ಟಿಗೆ ಧಮನಿಯನ್ನೇ ನೆಚ್ಚಿದೆ. ಯಾವ ಕಾಲುವೆಯ ನೀರು ಯಾವ ಗದ್ದೆಗೆ ಎಷ್ಟು ಹೊತ್ತಿಗೆ ತಲಪಿತೆಂದು ನೋಡುವಂತೆ, ದ್ರವ್ಯವು ಬಂದು ಹೋಗುವ ಕ್ರಮದಿಂದ ಗಂತಿಯ ಜಾತಿಯನ್ನು ಊಹಿಸಬಹುದು. ಆದರೆ ಈ ಅಂತರ ಬಹುಬೇಗ ಮಾಸಿಹೋಗುತ್ತದೆ.

ಎರಡನೆಯದು ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು. ಯಕೃತ್ತಿನ ಕುಪ್ಫರ್ ಕೋಶಗಳು ಇವನ್ನು ನುಂಗಿ ಆರೋಗ್ಯವಾದ ಭಾಗ ಕಪ್ಪಾಗುತ್ತದೆ. ಗಂತಿ ಬೆಳ್ಳಗೆ ಉಳಿಯುತ್ತದೆ. ಅಮೆರಿಕದಲ್ಲಿ 1996ರಲ್ಲಿ ಮನ್ನಣೆ ಪಡೆದ ಈ ದ್ರವ್ಯಗಳು ಈಗ ಬಹುತೇಕ ಕಡೆ ಮಾರುಕಟ್ಟೆಯಿಂದ ಮರೆಯಾಗಿವೆ.

ಮೂರನೆಯದು ಯಕೃತ್ತಿನ ಕೋಶಗಳೇ ಒಳಗೆ ಸೆಳೆದುಕೊಳ್ಳುವ ಗ್ಯಾಡೊಲಿನಿಯಂ ಸಂಯುಕ್ತಗಳು. ಗ್ಯಾಡೊಬೆನೇಟಿನಲ್ಲಿ ಶೇಕಡ 3ರಿಂದ 5ರಷ್ಟು ಮಾತ್ರ ಪಿತ್ತಕ್ಕೆ ಸೇರುವುದರಿಂದ ಚಿತ್ರಕ್ಕೆ ಒಂದು ಗಂಟೆಗೂ ಮೇಲ್ಪಟ್ಟು ಕಾಯಬೇಕು. ಗ್ಯಾಡೊಕ್ಸೆಟೇಟಿನಲ್ಲಿ ಸುಮಾರು ಅರ್ಧಪಾಲು ಸೇರುತ್ತದೆ. 20 ನಿಮಿಷಗಳಲ್ಲಿ ಯಕೃತ್ತು ಹಸುರೇರಿದ ಗದ್ದೆಯಂತೆ ಬೆಳಗಿ, ಅಂತಹ ಕೋಶಗಳಿಲ್ಲದ ಗಂತಿ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂತಿಗಳನ್ನು ಹಿಡಿಯುವುದರಲ್ಲಿ, ನೀರಿನ ಅಣುಗಳ ಚಲನೆಯನ್ನು ಅಳೆಯುವ ಚಿತ್ರದೊಡನೆ ಕೂಡಿದಾಗ, ಇದಕ್ಕೆ ಸರಿದೊರೆ ವಿರಳ.

ಹಾಗೆಂದು ಇದು ಸರ್ವಸಮರ್ಥವಲ್ಲ. ನೀರುಗುಳ್ಳೆಯೂ ರಕ್ತನಾಳಗಳ ನಿರಪಾಯ ಗಂಟೂ ಹೀಗೆಯೇ ಕಪ್ಪಾಗಿ ತೋರುತ್ತವೆ. ಆದುದರಿಂದ ಉಳಿದ ಚಿತ್ರಗಳೊಡನೆ ಹೋಲಿಸಿಯೇ ತೀರ್ಮಾನಿಸಬೇಕು. ಇದರ ಪ್ರಮಾಣ ಸಾಮಾನ್ಯ ದ್ರವ್ಯದ ಕಾಲುಭಾಗ ಮಾತ್ರವಾದುದರಿಂದ ಧಮನಿಯ ಹಂತದ ಚಿತ್ರ ತುಸು ಮಂಕು. ಕಾಮಾಲೆಯಿಂದಲೋ ಬೇರೆ ವ್ಯಾಧಿಯಿಂದಲೋ ಯಕೃತ್ತು ಸೊರಗಿದ್ದರೆ ಅದು ದ್ರವ್ಯವನ್ನು ಸರಿಯಾಗಿ ಸೆಳೆಯಲಾರದು. ನೀರು ಕಾಣದ ಬಯಲಿನಲ್ಲಿ ಕಲ್ಲುನೆಲ ಗುರುತಾಗುವುದೆಂತು?

ಸುರಕ್ಷತೆಯ ಮಾತೂ ಉಂಟು. ಮೂತ್ರಪಿಂಡಗಳು ತೀರ ಕೆಟ್ಟವರಲ್ಲಿ ಕೆಲವು ಗ್ಯಾಡೊಲಿನಿಯಂ ದ್ರವ್ಯಗಳಿಂದ ಚರ್ಮವೂ ಒಳ ಅಂಗಗಳೂ ಗಡುಸಾಗುವ ರೋಗ ಬರುವ ಸಂಬಂಧವು 2006ರಲ್ಲಿ ತಿಳಿಯಿತು. 2017ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ಗ್ಯಾಡೊಲಿನಿಯಂ ಸಡಿಲವಾಗಿ ಬಂಧಿತವಾದ ದ್ರವ್ಯಗಳಲ್ಲಿ ಹೆಚ್ಚಿನವನ್ನು ಸಿರೆಗೆ ಚುಚ್ಚುವುದನ್ನು ನಿಲ್ಲಿಸಿದರೂ, ಗ್ಯಾಡೊಕ್ಸೆಟೇಟ್, ಗ್ಯಾಡೊಬೆನೇಟ್‌ಗಳನ್ನು ಯಕೃತ್ತಿನ ಪರೀಕ್ಷೆಗೆಂದೇ ಉಳಿಸಿಕೊಂಡರು. ಬೇರೆ ದ್ರವ್ಯಗಳು ತೋರದುದನ್ನು ಅವು ತೋರುತ್ತವೆಂಬುದೇ ಕಾರಣ.

ನಾವು ಭೌತವಿಜ್ಞಾನವನ್ನು ಬೋಧಿಸುವವರು. ಯಾವ ರೋಗಿಗೆ ಯಾವ ದ್ರವ್ಯವೆಂಬುದು ವೈದ್ಯರ ವಿವೇಚನೆಗೆ ಬಿಟ್ಟ ವಿಷಯ. ಆದರೆ ಮೂತ್ರಪಿಂಡದ ತೊಂದರೆಯನ್ನೂ ಹಿಂದೆ ಚುಚ್ಚುಮದ್ದು ಒಗ್ಗದೆಹೋದುದನ್ನೂ ಪರೀಕ್ಷೆಗೆ ಮುನ್ನವೇ ತಿಳಿಸುವುದು ರೋಗಿಯ ಕಡೆಯವರ ಕರ್ತವ್ಯ. ಚುಚ್ಚುಮದ್ದಿನ ಬಳಿಕ ಏಕೆ ಇಷ್ಟು ಹೊತ್ತು ಕಾಯಿಸುತ್ತಾರೆಂದು ಬೇಸರಪಡುವವರು ಸೂಳೆಕೆರೆಯ ಬಯಲನ್ನು ನೆನೆಯಲಿ: ಪೈರು ಹಸುರೇರುವವರೆಗೆ ಕಾದವನಿಗೆ ಮಾತ್ರ ಬೋಳುನೆಲದ ಗುರುತು ಸಿಕ್ಕೀತು.